ರೈಡ್ ತಗೊಳ್ಳೋಣ್ವಾ, ಕ್ರ್ಯಾಶ್ ತಗೊಳ್ಳೋಣ್ವಾ?



ಡ್ರಮ್ ಕಿಟ್ ನೋಡಿದ ಪ್ರತಿಯೊಬ್ಬರಿಗೂ ಒಂದು ಅನುಮಾನ ಬಂದೇ ಬರುತ್ತೆ. ಡ್ರಮ್‌ಗಳೇನೋ ಸರಿ, ಒಂದೊಂದು ಒಂದೊಂದು ಸೈಜ್, ಒಂದೊಂದು ಸದ್ದು. ಆದರೆ ಮೇಲೆ ಸ್ಟ್ಯಾಂಡ್‌ಗಳಲ್ಲಿ ಕೂತಿರೋ ಆ ಹಳದಿ ತಟ್ಟೆಗಳು ಯಾಕೆ ಅಷ್ಟೊಂದು? ನೋಡೋಕೆ ಎಲ್ಲಾ ಒಂದೇ ಥರ ಇವೆ, ಒಂದಿದ್ರೆ ಸಾಲಲ್ವಾ?

ಈ ತಟ್ಟೆಗಳಿಗೆ ಸಿಂಬಲ್ ಅಂತಾರೆ (ಮ್ಯಾಥ್ಸ್ ಸಿಂಬಲ್ ಅಲ್ಲ). ಈ ಸೆಮಿಸ್ಟರ್ ನಮ್ಮ ಮ್ಯೂಸಿಕ್ ಕ್ಲಬ್‌ನಲ್ಲಿ ಇದೇ ಪ್ರಶ್ನೆ ದೊಡ್ಡ ಜಗಳ ಆಗಿದೆ. ಕಾರಣ ಸಿಂಪಲ್: ಬಜೆಟ್‌ನಲ್ಲಿ ಉಳಿದಿರೋ ದುಡ್ಡಿಗೆ ಒಂದೇ ಒಂದು ಒಳ್ಳೆ ಸಿಂಬಲ್ ಬರುತ್ತೆ. ನಮ್ಮ ಕಿಟ್‌ನಲ್ಲಿ ಹೈ-ಹ್ಯಾಟ್ ಚೆನ್ನಾಗಿದೆ. ರೈಡ್ ಅಂತ ಇರೋದು ಕಿಟ್ ಜೊತೆಗೇ ಬಂದ ಹಿತ್ತಾಳೆ ತಟ್ಟೆ, ಹೊಡೆದರೆ ಮೆಸ್‌ನಲ್ಲಿ ಯಾರೋ ಪಾತ್ರೆ ಬೀಳಿಸಿದ ಹಾಗೆ ಕೇಳುತ್ತೆ. ಕ್ರ್ಯಾಶ್ 16 ಇಂಚಿನದು, ನಮಗಿಂತ ಸೀನಿಯರ್, ಅಂಚಿನಲ್ಲಿ ಬಿರುಕು ಬಿಟ್ಟಿದೆ. ಫೆಸ್ಟ್ ಹತ್ತಿರ ಬರ್ತಿದೆ. ರೈಡ್ ತರಬೇಕಾ, ಕ್ರ್ಯಾಶ್ ತರಬೇಕಾ? ಗೂಗಲ್‌ನಲ್ಲಿ ಹುಡುಕಿದ್ರೆ ಎಲ್ಲಾ ಇಂಗ್ಲಿಷ್‌ನಲ್ಲಿ ಸಿಗುತ್ತೆ, ಕನ್ನಡದಲ್ಲಿ ಓದೋಕೆ ಏನೂ ಸಿಗಲಿಲ್ಲ. ಹಾಗಾಗಿ ನಾವು ಓದಿ, ಕೇಳಿ, ಹೊಡೆದು ನೋಡಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲು ಕೆಲಸ ಏನು ಅಂತ ನೋಡೋಣ. ರೈಡ್ ಅಂದ್ರೆ ಹಾಡಿನ ಉದ್ದಕ್ಕೂ ತಾಳ ಇಟ್ಕೊಂಡು ಹೋಗೋ ತಟ್ಟೆ. ಡ್ರಮ್ಮರ್ ಬಲಗೈಯಲ್ಲಿ "ಟಿಂಗ್ ಟಿಂಗ್ ಟಿಂಗ್" ಅಂತ ಒಂದೇ ಸಮನೆ ಹೊಡೀತಾ ಇರ್ತಾರಲ್ಲ, ಅದು. ಸಾಮಾನ್ಯವಾಗಿ 20 ಅಥವಾ 22 ಇಂಚು, ತೂಕವೂ ಜಾಸ್ತಿ. ಕ್ರ್ಯಾಶ್ ಅಂದ್ರೆ ಪಲ್ಲವಿ ಶುರುವಾಗುವಾಗ, ಇಲ್ಲಾ ಹಾಡು ಮುಗಿಯುವಾಗ "ಝಷ್ಷ್!" ಅಂತ ಒಂದೇ ಏಟು ಕೊಡೋ ತಟ್ಟೆ. ಹೆಚ್ಚಾಗಿ 16 ಅಥವಾ 18 ಇಂಚು, ತೆಳ್ಳಗೆ. ವಾಕ್ಯದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕ್ತೀವಲ್ಲ, ಕ್ರ್ಯಾಶ್ ಹಾಡಿಗೆ ಹಾಗೆ. ಪ್ರತಿ ಪದಕ್ಕೂ ಹಾಕಿದ್ರೆ ಓದೋಕಾಗಲ್ಲ.

ಅಂದ್ರೆ ಒಂದು ತಟ್ಟೆ ಮುಂದಿನ ಏಟಿಗೆ ಜಾಗ ಬಿಡಬೇಕು. ಇನ್ನೊಂದು ಒಂದೇ ಏಟಿನಲ್ಲಿ ಇರೋದನ್ನೆಲ್ಲ ಕೊಟ್ಟು ಬೇಗ ಸುಮ್ಮನಾಗಬೇಕು. ಸೈಜ್, ದಪ್ಪ, ಆಕಾರ, ರೇಟು ಎಲ್ಲಾ ಈ ಒಂದು ವ್ಯತ್ಯಾಸದಿಂದಲೇ ಬರುತ್ತೆ ಅನ್ನೋದು ನಮಗೆ ಅರ್ಥ ಆಗಿದ್ದು.

ಸಿಂಬಲ್‌ನಲ್ಲಿ ಮೂರು ಜಾಗ ಇದೆ. ನಡುವೆ ಬಟ್ಟಲು ಮಗುಚಿ ಇಟ್ಟ ಹಾಗೆ ಉಬ್ಬಿರೋದು ಬೆಲ್. ಅಲ್ಲಿಂದ ಇಳಿಜಾರಾಗಿ ಹೋಗೋ ಅಗಲದ ಭಾಗ ಬೋ. ಕೊನೆಯ ಅಂಚು ಎಡ್ಜ್. ರೈಡ್‌ನಲ್ಲಿ ಸ್ಟಿಕ್ಕಿನ ತುದಿಯಿಂದ ಬೋ ಮೇಲೆ ಹೊಡೀತಾರೆ, ಜೋರಾಗಿ ಬೇಕಂದ್ರೆ ಸ್ಟಿಕ್ಕಿನ ಹೆಗಲಿನಿಂದ ಬೆಲ್ ಮೇಲೆ. ಕ್ರ್ಯಾಶ್‌ನಲ್ಲಿ ಸ್ಟಿಕ್ಕಿನ ಹೆಗಲು ಅಂಚಿಗೆ ಓರೆಯಾಗಿ ಸವರಿದ ಹಾಗೆ ತಾಗಬೇಕು. ಮರ ಕಡಿಯೋ ಹಾಗೆ ನೇರ ಹೊಡೆಯೋದಲ್ಲ. ನಮ್ಮ ಕ್ರ್ಯಾಶ್‌ನ ಬಿರುಕಿಗೆ ಯಾವ ಬ್ಯಾಚ್ ಕಾರಣ ಅಂತ ಗೊತ್ತಿಲ್ಲ, ಆದರೆ ಹೇಗೆ ಹೊಡೆದಿರ್ತಾರೆ ಅಂತ ಊಹಿಸಬಹುದು.

ಈಗ ನಮಗೆ ಇಷ್ಟವಾದ ಭಾಗ. ಕ್ಲಾಸಲ್ಲಿ ಪ್ಲೇಟ್ ಬೆಂಡಿಂಗ್ ಅಂತ ಓದಿ ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟಿರ್ತೀವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ.

16 ಇಂಚಿನ ತೆಳು ಕ್ರ್ಯಾಶ್ ಒಂದು ಕಿಲೋ ಆಸುಪಾಸು ತೂಗುತ್ತೆ. 20 ಇಂಚಿನ ಮೀಡಿಯಂ ರೈಡ್ ಎರಡು ಕಿಲೋ ದಾಟುತ್ತೆ, 2.3 ಕಿಲೋ ಅಂತ ಇಟ್ಕೊಳ್ಳಿ. ದಪ್ಪ ಎರಡಕ್ಕೂ ಒಂದೇ ಆಗಿದ್ರೆ ತೂಕ ವಿಸ್ತೀರ್ಣದ ಲೆಕ್ಕದಲ್ಲಿ ಹೆಚ್ಚಬೇಕಿತ್ತು: 20ರ ವರ್ಗ 400, 16ರ ವರ್ಗ 256, ಅನುಪಾತ 1.56. ಅಂದ್ರೆ ಒಂದೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ. ಆದರೆ ಇರೋದು 2.3. ಉಳಿದಿದ್ದು ದಪ್ಪದಿಂದ ಬಂದಿದ್ದು, ಅಂದ್ರೆ ರೈಡ್ ಸರಾಸರಿ ಸುಮಾರು ಒಂದೂವರೆ ಪಟ್ಟು ದಪ್ಪ.

ಒಂದೇ ಲೋಹದ ಚಪ್ಪಟೆ ತಟ್ಟೆಯಲ್ಲಿ ಫ್ರೀಕ್ವೆನ್ಸಿ ದಪ್ಪಕ್ಕೆ ನೇರ ಅನುಪಾತದಲ್ಲಿ, ವ್ಯಾಸದ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತೆ. ಹಾಕಿ ನೋಡಿ: ದಪ್ಪದಿಂದ 1.5 ಪಟ್ಟು ಮೇಲೆ ಹೋಯ್ತು, ವ್ಯಾಸದಿಂದ 1.56 ಪಟ್ಟು ಕೆಳಗೆ ಬಂತು. ಹೆಚ್ಚುಕಮ್ಮಿ ಸಮ! ಸಿಂಬಲ್ ಚಪ್ಪಟೆ ಅಲ್ಲ, ಬಾಗಿರುತ್ತೆ, ಅಂಚಿನ ಕಡೆ ತೆಳ್ಳಗಾಗುತ್ತಾ ಹೋಗುತ್ತೆ, ಹಾಗಾಗಿ ಇದು ಒರಟು ಲೆಕ್ಕ. ಆದರೂ ಒಂದು ವಿಷಯ ಗೊತ್ತಾಗುತ್ತೆ. ರೈಡ್ ಮತ್ತು ಕ್ರ್ಯಾಶ್ ನಡುವಿನ ನಿಜವಾದ ವ್ಯತ್ಯಾಸ ಶ್ರುತಿಯಲ್ಲಿಲ್ಲ. "ದೊಡ್ಡದು ಅಂದ್ರೆ ದಪ್ಪ ಸ್ವರ, ಚಿಕ್ಕದು ಅಂದ್ರೆ ತೆಳು ಸ್ವರ" ಅನ್ನೋದು ಎರಡು ಕ್ರ್ಯಾಶ್‌ಗಳ ನಡುವೆ ಓಕೆ, ರೈಡ್ ಮತ್ತು ಕ್ರ್ಯಾಶ್ ನಡುವೆ ಅಷ್ಟು ಉಪಯೋಗಕ್ಕೆ ಬರಲ್ಲ.

ಹಾಗಾದ್ರೆ ಎಲ್ಲಿದೆ? ಬಿಗಿತದಲ್ಲಿ. ತಟ್ಟೆ ಬಾಗೋದಕ್ಕೆ ಕೊಡೋ ಪ್ರತಿರೋಧ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತೆ. ದಪ್ಪ 1.5 ಪಟ್ಟಾದ್ರೆ ಬಿಗಿತ 1.5ರ ಘನ, ಅಂದ್ರೆ 3.375 ಪಟ್ಟು. ಅದೇ ಸ್ಟಿಕ್, ಅದೇ ಕೈ, ಅದೇ ಏಟು, ಆದರೆ ರೈಡ್ ಕ್ರ್ಯಾಶ್‌ಗಿಂತ ತುಂಬಾ ಕಮ್ಮಿ ಬಾಗುತ್ತೆ.

ಬಾಗಿದ್ರೆ ಏನಾಗುತ್ತೆ ಅನ್ನೋದೇ ಮಜಾ. ಬಾಗು ತಟ್ಟೆಯ ದಪ್ಪಕ್ಕಿಂತ ತುಂಬಾ ಚಿಕ್ಕದಿದ್ದಾಗ ಪ್ರತಿ ಮೋಡ್ ತನ್ನ ಪಾಡಿಗೆ ತಾನು ಕಂಪಿಸುತ್ತೆ, ಒಬ್ಬರ ವಿಷಯಕ್ಕೆ ಇನ್ನೊಬ್ಬರು ಬರಲ್ಲ. ಲೀನಿಯರ್ ಅಂತೀವಲ್ಲ, ಅದು. ಬಾಗು ದಪ್ಪದ ಹತ್ತಿರಕ್ಕೆ ಬಂದ ಕೂಡಲೇ ಲೋಹ ಬಾಗೋದರ ಜೊತೆಗೆ ಹಿಗ್ಗಬೇಕಾಗುತ್ತೆ. ಆಗ ಮೋಡ್‌ಗಳು ಒಂದಕ್ಕೊಂದು ಅಂಟಿಕೊಳ್ತವೆ, ಕೆಳಗಿನ ಫ್ರೀಕ್ವೆನ್ಸಿಯಲ್ಲಿದ್ದ ಶಕ್ತಿ ಮೇಲಿನ ಫ್ರೀಕ್ವೆನ್ಸಿಗಳಿಗೆ ಸೋರಿಕೊಂಡು ಹೋಗುತ್ತೆ. ಒಂದು ಬೀದಿಯಲ್ಲಿ ಶುರುವಾದ ಗಲಾಟೆ ಊರಿಗೆಲ್ಲ ಹಬ್ಬಿದ ಹಾಗೆ. ಆ ಹಬ್ಬಿದ ಸದ್ದೇ "ಝಷ್ಷ್". ಇದು ಏಟು ಬಿದ್ದ ಕ್ಷಣದಲ್ಲೇ ಪೂರ್ತಿ ಇರಲ್ಲ, ಒಂದು ಚೂರು ತಡವಾಗಿ ಅರಳುತ್ತೆ. ಡ್ರಮ್ಮರ್‌ಗಳು ಇದಕ್ಕೆ "ಓಪನ್ ಆಗೋದು" ಅಂತಾರೆ, ಸರಿಯಾದ ಮಾತು.

ಕ್ರ್ಯಾಶ್‌ನ ಅಂಚು ತೆಳ್ಳಗಿದೆ, ಹಾಗಾಗಿ ಒಂದು ಏಟಿಗೇ ಈ ಗಲಾಟೆ ಶುರು. ರೈಡ್ ದಪ್ಪ, ಸ್ಟಿಕ್ಕಿನ ತುದಿಯ ಏಟು ಅದನ್ನ ಲೀನಿಯರ್ ಕಡೆಗೇ ಇಡುತ್ತೆ, ಹಾಗಾಗಿ "ಟಿಂಗ್" ಬೇರೆಯಾಗಿ ಕೇಳುತ್ತೆ, ಹಿಂದೆ ತೆಳುವಾಗಿ ಒಂದು ಗುಂಯ್ ಇರುತ್ತೆ. ಅದೇ ರೈಡ್‌ನ ಅಂಚಿಗೆ ಹೆಗಲಿನಿಂದ ಜೋರಾಗಿ ಬಾರಿಸಿದ್ರೆ ಅದೂ ಕ್ರ್ಯಾಶ್ ಥರಾನೇ ಓಪನ್ ಆಗುತ್ತೆ, ಆದರೆ ನಿಧಾನ, ಮತ್ತೆ ಬೇಗ ನಿಲ್ಲಲ್ಲ. ಅಂದ್ರೆ ಇವು ಎರಡು ಜಾತಿಯ ತಟ್ಟೆಗಳಲ್ಲ, ಎಷ್ಟು ಏಟಿಗೆ ಮಿತಿ ದಾಟ್ತವೆ ಅನ್ನೋದಷ್ಟೇ ಬೇರೆ. ನಂಬಿಕೆ ಬರದಿದ್ರೆ ಫೋನಿಗೆ ಯಾವುದಾದ್ರೂ ಸ್ಪೆಕ್ಟ್ರೋಗ್ರಾಮ್ ಆ್ಯಪ್ ಹಾಕ್ಕೊಂಡು ಕ್ಲಬ್ ರೂಮಿಗೆ ಬನ್ನಿ. ಕ್ರ್ಯಾಶ್‌ಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ, ಸ್ಕ್ರೀನ್‌ನಲ್ಲಿ ಕೆಳಗಡೆ ಒಂದಷ್ಟು ಗೆರೆ ಬರುತ್ತೆ. ಆಮೇಲೆ ಸ್ಟಿಕ್ಕಲ್ಲಿ ಜೋರಾಗಿ ಹೊಡೀರಿ, ಮೇಲಿನವರೆಗೂ ತುಂಬಿಹೋಗುತ್ತೆ.

ಲೋಹದ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಮೂರು ಮಾತು ಕೇಳ್ತೀರಿ: ಬಿ20, ಬಿ8, ಬ್ರಾಸ್. ಬಿ20 ಅಂದ್ರೆ ಕಂಚು, ನೂರಕ್ಕೆ 80 ತಾಮ್ರ, 20 ತವರ. ಬಿ8 ಕೂಡ ಕಂಚೇ, 92 ತಾಮ್ರ, 8 ತವರ. ಬ್ರಾಸ್ ನಮ್ಮ ಹಿತ್ತಾಳೆ, ತಾಮ್ರ ಮತ್ತು ಸತು. ನಮಗೆ ಇದು ಹೊಸದೇನಲ್ಲ. ದೇವಸ್ಥಾನದ ಗಂಟೆ, ಜಾಗಟೆಗೆ ಬಳಸೋ ತವರ ಜಾಸ್ತಿ ಇರೋ ಕಂಚಿಗೂ ಬಿ20ಗೂ ಬಹಳ ದೂರ ಇಲ್ಲ. ಮಾದೇಶ್ವರನ ಕಂಸಾಳೆಯವರ ಕೈಲಿರೋದೂ ಕಂಚಿನ ತಾಳವೇ, ಹೆಸರಲ್ಲೇ ಕಂಚಿದೆ. ತೆಂಕುತಿಟ್ಟು ಯಕ್ಷಗಾನದಲ್ಲಿ ಚಕ್ರತಾಳ ಕೇಳಿದವರಿಗೆ ಕಂಚಿನ ಸದ್ದು ಚಂಡೆಯ ಅಬ್ಬರದ ಮಧ್ಯೆಯೂ ಹೇಗೆ ಸೀಳಿಕೊಂಡು ಬರುತ್ತೆ ಅಂತ ಹೇಳಬೇಕಾಗಿಲ್ಲ. ಒಳ್ಳೆ ದನಿಗೆ ಕಂಚಿನ ಕಂಠ ಅಂತೀವಿ, ಯಾರು ಏನು ಹೇಳಿದ್ರೂ ನಂಬೋರಿಗೆ ಹಿತ್ತಾಳೆ ಕಿವಿ ಅಂತೀವಿ. ಸಿಂಬಲ್ ಕೊಳ್ಳೋವಾಗ ಎರಡೂ ಮಾತು ನೆನಪಿರಲಿ.

ತವರ ಜಾಸ್ತಿ ಆದಷ್ಟು ಸದ್ದು ಶ್ರೀಮಂತ, ಆದರೆ ಲೋಹ ಗಡುಸು, ಪೆಡಸು. ಬಿ20ಯನ್ನ ಬಿಸಿ ಮಾಡಿ ಮಾಡಿ ರೋಲ್ ಮಾಡಬೇಕು, ಕೆಲಸ ಜಾಸ್ತಿ, ಅದಕ್ಕೇ ರೇಟೂ ಜಾಸ್ತಿ. ಬಿ8 ಹಾಳೆಯಾಗಿಯೇ ಸಿಗುತ್ತೆ, ಕತ್ತರಿಸಿ ಒತ್ತಿದ್ರೆ ಆಯ್ತು, ಸದ್ದು ಸ್ವಲ್ಪ ಚೂಪು. ಬಿ8 ಅಂದ ಕೂಡಲೇ ಕಳಪೆ ಅಂತ ಮೂಗು ಮುರೀಬೇಡಿ. ಪೈಸ್ಟೆ ಕಂಪನಿಯ 2002 ಸೀರೀಸ್ ಈ ಲೋಹದ್ದೇ, ಲೆಡ್ ಜೆಪ್ಪೆಲಿನ್‌ನ ಜಾನ್ ಬಾನಮ್ ಅದರಲ್ಲಿ 24 ಇಂಚಿನ ರೈಡ್ ಬಾರಿಸ್ತಿದ್ದರು. ಹಿತ್ತಾಳೆ ಮಾತ್ರ ಕಲಿಯೋ ಕಿಟ್‌ಗೆ ಸಾಕು.

ಕಂಪನಿ ವಿಷಯ ಬಂದಿದ್ದಕ್ಕೆ ಒಂದು ಗಾಸಿಪ್. ಜಿಲ್ಜಿಯನ್ ಕಂಪನಿ ತನ್ನ ಶುರುವನ್ನ 1623ಕ್ಕೆ, ಆಟೋಮನ್ ಕಾಲದ ಇಸ್ತಾಂಬುಲ್‌ಗೆ ಒಯ್ಯುತ್ತೆ. ಆ ಹೆಸರಿನ ಅರ್ಥವೇ ಸಿಂಬಲ್ ಮಾಡುವವನ ಮಗ ಅಂತ. 1929ರಲ್ಲಿ ಮನೆತನದ ಕೆಲಸ ಅಮೆರಿಕಕ್ಕೆ ಬಂತು. ಆಮೇಲೆ ಅಣ್ಣತಮ್ಮಂದಿರ ಜಗಳ, ರಾಬರ್ಟ್ ಜಿಲ್ಜಿಯನ್ ಬೇರೆಯಾಗಿ 1981ರಲ್ಲಿ ಕೆನಡಾದಲ್ಲಿ ಸೇಬಿಯನ್ ಶುರು ಮಾಡಿದರು. ಸ್ಯಾಲಿ, ಬಿಲ್ಲಿ, ಆ್ಯಂಡಿ ಅನ್ನೋ ಮೂವರು ಮಕ್ಕಳ ಹೆಸರಿನ ಮೊದಲಕ್ಷರಗಳನ್ನ ಸೇರಿಸಿ ಇಟ್ಟ ಹೆಸರದು. ಆಸ್ತಿ ಪಾಲು ನಮ್ಮೂರಲ್ಲಿ ಮಾತ್ರ ಅಲ್ಲ.

ರೈಡ್‌ಗೆ ಈ ಕೆಲಸ ಮೊದಲಿಂದ ಇರಲಿಲ್ಲ ಅನ್ನೋದೂ ಗೊತ್ತಿರಲಿ. ಹಳೆಯ ಜಾಜ್‌ನಲ್ಲಿ ತಾಳ ಸ್ನೇರ್ ಮತ್ತು ಬೇಸ್ ಡ್ರಮ್ ಮೇಲೆ ನಡೀತಿತ್ತು. 1930ರ ದಶಕದಲ್ಲಿ ಕೌಂಟ್ ಬೇಸಿ ಬ್ಯಾಂಡಿನ ಜೋ ಜೋನ್ಸ್ ಅದನ್ನ ಹೈ-ಹ್ಯಾಟ್‌ಗೆ ತಂದರು. 1940ರ ಆಸುಪಾಸಿನಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಕೆನ್ನಿ ಕ್ಲಾರ್ಕ್ ಅದನ್ನ ರೈಡ್‌ಗೆ ಏರಿಸಿದರು. ಆಗ ಬೇಸ್ ಡ್ರಮ್‌ಗೆ ಬಿಡುವು ಸಿಕ್ತು, ಬೇಕಾದ ಕಡೆ ಮಾತ್ರ ಗುಡುಗಬಹುದಾಯ್ತು. ಇವತ್ತು ನಮಗೆ ಗೊತ್ತಿರೋ ಡ್ರಮ್ಮಿಂಗ್‌ನಲ್ಲಿ ಅರ್ಧ ಆ ಒಂದು ಬದಲಾವಣೆಯಿಂದ ಬಂದಿದ್ದು.

ಈಗ ಜಗಳಕ್ಕೆ ವಾಪಸ್. ಕ್ರ್ಯಾಶ್ ಪಾರ್ಟಿಯವರ ವಾದ ಹಗುರವಾದದ್ದಲ್ಲ. "ಮಗಾ, ಫೆಸ್ಟ್‌ನಲ್ಲಿ ಸೌಂಡ್‌ನವರು ಬೇಸ್ ಡ್ರಮ್‌ಗೆ, ಸ್ನೇರ್‌ಗೆ ಮೈಕ್ ಇಟ್ಟು ಹೋಗ್ತಾರೆ. ಮೇಲೆ ಮೈಕ್ ಇರಲ್ಲ. ಕೊನೆ ಸಾಲಿನಲ್ಲಿ ಕೂತವರಿಗೆ ನಿನ್ನ ಟಿಂಗ್ ಟಿಂಗ್ ಕೇಳುತ್ತಾ? ಕ್ರ್ಯಾಶ್ ಆದ್ರೆ ಗೇಟಿನವರೆಗೂ ಕೇಳುತ್ತೆ." ನಮ್ಮ ಗಿಟಾರಿಸ್ಟ್‌ದು ಈ ಮಾತು. ಜೊತೆಗೆ ಹೈ-ಹ್ಯಾಟ್ ಇದೆಯಲ್ಲ, ತಾಳ ಅದರಲ್ಲೇ ಇಡಬಹುದು, ಕ್ರ್ಯಾಶ್‌ನ ಕೆಲಸ ಬೇರೆ ಯಾರೂ ಮಾಡಲ್ಲ ಅಂತ ಇನ್ನೊಂದು ಪಾಯಿಂಟ್. ನಿಜ. ಬರೀ ರಾಕ್ ಬಾರಿಸೋ ಬ್ಯಾಂಡ್ ಆಗಿದ್ರೆ ನಾವೂ ಇದನ್ನೇ ಹೇಳ್ತಿದ್ವಿ.

ಮಧ್ಯದ ದಾರಿ ಅಂತ ಕ್ರ್ಯಾಶ್-ರೈಡ್ ಸಿಗುತ್ತೆ, ಹೆಚ್ಚಾಗಿ 18 ಅಥವಾ 20 ಇಂಚು, ದಪ್ಪ ಎರಡರ ನಡುವೆ. ಸ್ಟ್ಯಾಂಡ್ ಇಡೋಕೂ ಜಾಗ ಇಲ್ಲದವರಿಗೆ ಒಳ್ಳೆಯದು. ಆದರೆ ನಾವು ಒಂದನ್ನ ಒಬ್ಬ ಸೀನಿಯರ್ ಮನೆಯಲ್ಲಿ ಬಾರಿಸಿ ನೋಡಿದ್ವಿ. ರೈಡ್ ಥರ ಬಾರಿಸ್ತಾ ಹೋದಂತೆ ಏಟುಗಳೆಲ್ಲ ಗುಂಯ್‌ನಲ್ಲಿ ಮುಳುಗಿದವು. ಕ್ರ್ಯಾಶ್ ಥರ ಹೊಡೆದರೆ ಅರಳೋದು ತಡ. ಎಲ್ಲಾ ಕ್ರ್ಯಾಶ್-ರೈಡೂ ಹೀಗೇ ಅಂತ ಹೇಳಲ್ಲ, ಬಜೆಟ್ ರೇಂಜ್‌ನದು ಹಾಗಿತ್ತು.

ಕೊನೆಗೆ ನಾವು ಮಾಡಿದ್ದು ಲೆಕ್ಕ. ನಮ್ಮ ಸೆಟ್‌ನ ಹಾಡುಗಳ ರಿಹರ್ಸಲ್ ರೆಕಾರ್ಡಿಂಗ್ ಹಾಕ್ಕೊಂಡು ಎಣಿಸಿದ್ವಿ. ನಿಮಿಷಕ್ಕೆ 120 ಬೀಟ್ ಇರೋ ಹಾಡಲ್ಲಿ ಬೀಟಿಗೆ ಎರಡರಂತೆ ರೈಡ್ ಬಾರಿಸಿದ್ರೆ ನಿಮಿಷಕ್ಕೆ 240 ಏಟು. ನಾಲ್ಕು ನಿಮಿಷದ ಹಾಡಲ್ಲಿ ಪಲ್ಲವಿಗಳೆಲ್ಲ ಸೇರಿ ಒಂದೂವರೆ ನಿಮಿಷ ಅಂದ್ರೆ 360 ಏಟು. ಕ್ರ್ಯಾಶ್ ಅದೇ ಹಾಡಲ್ಲಿ ಹತ್ತು ಹನ್ನೆರಡು ಸಲ. ಕೆಟ್ಟ ಕ್ರ್ಯಾಶ್ ಹನ್ನೆರಡು ಸಲ ಬೇಜಾರು ಮಾಡುತ್ತೆ, ಕೆಟ್ಟ ರೈಡ್ 360 ಸಲ. ಅಷ್ಟೇ ಅಲ್ಲ, ನಮ್ಮ ಸೆಟ್‌ನಲ್ಲಿ ಭಾವಗೀತೆಗಳಿವೆ, ಎರಡು ಜಾನಪದ ಇವೆ. ಅಲ್ಲಿ ಹಾಡುವವರ ದನಿ ಮೇಲಿರಬೇಕು. ಪಾತ್ರೆ ಸದ್ದಿನ ರೈಡ್ ಇಟ್ಕೊಂಡು ಭಾವಗೀತೆ ನುಡಿಸೋದು ಅಂದ್ರೆ ಹಾಡುವವರಿಗೆ ಮಾಡೋ ಅನ್ಯಾಯ, ನಮ್ಮ ಗಾಯಕಿ ಇದನ್ನ ಇನ್ನೂ ಖಾರವಾಗಿ ಹೇಳಿದ್ದಾಳೆ.

ಇನ್ನೊಂದು ವಿಷಯ, ಕಾಲೇಜ್ ಕಿಟ್ ಅಂದ್ರೆ ಹತ್ತು ಜನ ಬಾರಿಸ್ತಾರೆ. ಮೊದಲು ಒಡೆಯೋದು ಹೆಚ್ಚಾಗಿ ತೆಳ್ಳಗಿನ ತಟ್ಟೆ. ಇರೋ ಅಷ್ಟೂ ದುಡ್ಡು ಬೇಗ ಒಡೆಯೋದಕ್ಕೆ ಹಾಕೋದಾ?

ಹಾಗಾಗಿ ನಮ್ಮ ವೋಟು ರೈಡ್‌ಗೆ. 20 ಇಂಚು, ಕಂಚು, ಮೀಡಿಯಂ-ಥಿನ್. ತುಂಬಾ ಹೆವಿ ಬೇಡ, ಯಾಕಂದ್ರೆ ಅವಶ್ಯಕತೆ ಬಿದ್ದಾಗ ಅಂಚಿಗೆ ಹೊಡೆದ್ರೆ ಓಪನ್ ಆಗಬೇಕು. ಕ್ರ್ಯಾಶ್ ಅಷ್ಟು ಚುರುಕಾಗಿ ಆಗಲ್ಲ, ಆಮೇಲೂ ಗುಂಯ್ ಅಂತ ಎಳೀತಾ ಇರುತ್ತೆ, ಅದಕ್ಕೆ ಡ್ರಮ್ಮರ್ ಕೈಯಲ್ಲಿ ಹಿಡಿದು ನಿಲ್ಲಿಸೋದು ಕಲೀಬೇಕು.

ಮತ್ತೆ ಬಿರುಕು ಬಿಟ್ಟ ಕ್ರ್ಯಾಶ್? ಮೆಕ್ಯಾನಿಕಲ್‌ನವರಿಗೆ ಇದು ಗೊತ್ತಿರುತ್ತೆ. ಬಿರುಕಿನ ತುದಿ ಚೂಪಾಗಿರೋದ್ರಿಂದ ಸ್ಟ್ರೆಸ್ ಎಲ್ಲಾ ಅಲ್ಲೇ ಸೇರುತ್ತೆ, ಪ್ರತಿ ಏಟಿಗೂ ಬಿರುಕು ಬೆಳೆಯುತ್ತೆ. ಕಣ್ಣಿಗೆ ಕಾಣೋ ತುದಿಗಿಂತ ಒಂಚೂರು ಮುಂದೆ ಸಣ್ಣ ತೂತು ಕೊರೆದರೆ ಚೂಪು ಹೋಗಿ ದುಂಡಗಾಗುತ್ತೆ, ಬೆಳೆಯೋದು ನಿಧಾನ ಆಗುತ್ತೆ. ವಾಸಿ ಆಗಲ್ಲ, ಸದ್ದೂ ಮೊದಲಿನ ಹಾಗೆ ಆಗಲ್ಲ, ಆದರೆ ಫೆಸ್ಟ್ ದಾಟಬಹುದು. ವರ್ಕ್‌ಶಾಪ್ ಸರ್ ಒಪ್ಪಿದ್ದಾರೆ. ಇನ್ನು ಮುಂದೆ ಸ್ಟ್ಯಾಂಡ್‌ನ ನಡುವಿನ ಪ್ಲಾಸ್ಟಿಕ್ ಸ್ಲೀವ್ ಮತ್ತು ಫೆಲ್ಟ್ ಇಲ್ಲದೆ ಯಾರೂ ಸಿಂಬಲ್ ಹಾಕಬೇಡಿ, ಲೋಹಕ್ಕೆ ಲೋಹ ಉಜ್ಜಿ ತೂತು ಸವೆದುಹೋಗುತ್ತೆ. ನಟ್‌ನ ತಿರುಚಿ ತಿರುಚಿ ಬಿಗಿ ಮಾಡಬೇಡಿ. ತಟ್ಟೆ ಅಲ್ಲಾಡಬೇಕು, ಅಲ್ಲಾಡೋಕೆ ಬಿಡದಿದ್ರೆ ಆ ಶಕ್ತಿಯೆಲ್ಲ ಲೋಹದ ಮೇಲೇ ಬೀಳುತ್ತೆ.

ನೀವು ನಿಮ್ಮ ಸ್ವಂತ ಕಿಟ್‌ಗೆ ಕೊಳ್ಳೋಕೆ ಹೋಗೋದಾದ್ರೆ ಸ್ಟಿಕ್ ನಿಮ್ಮದೇ ತಗೊಂಡು ಹೋಗಿ. ಪ್ಲಾಸ್ಟಿಕ್ ತುದಿಯ ಸ್ಟಿಕ್‌ನಲ್ಲಿ ರೈಡ್ ಚೂಪಾಗಿ ಕೇಳುತ್ತೆ, ಮರದ ತುದಿಯಲ್ಲಿ ಮೆತ್ತಗೆ. ಅಂಗಡಿಯವರ ಸ್ಟಿಕ್‌ನಲ್ಲಿ ಕೇಳಿದ ಸದ್ದು ಮನೆಯಲ್ಲಿ ಬರದೇ ಇರಬಹುದು. ರೈಡ್‌ನ ಒಂದೇ ಏಟು ಹೊಡೆದು "ಆಹಾ" ಅನ್ನಬೇಡಿ. ಹದಿನಾರು ಏಟು ಸತತ ಹೊಡೀರಿ, ಹದಿನಾರನೇ "ಟಿಂಗ್" ಮೊದಲನೆಯದರ ಹಾಗೇ ಬಿಡಿಯಾಗಿ ಕೇಳ್ತಾ ಇದೆಯಾ ನೋಡಿ. ಕ್ರ್ಯಾಶ್‌ಗೆ ಉಲ್ಟಾ: ಒಂದು ಸಲ ಹೊಡೆದು ಸುಮ್ಮನೆ ನಿಂತ್ಕೊಳ್ಳಿ, ಎಷ್ಟು ಬೇಗ ಅರಳಿತು, ಎಷ್ಟು ಬೇಗ ಮುಗೀತು ಅಂತ ಕೇಳಿ. ಆಮೇಲೆ ಹತ್ತು ಹೆಜ್ಜೆ ದೂರ ಹೋಗಿ ಗೆಳೆಯನ ಕೈಲಿ ಹೊಡೆಸಿ. ಕೂತವರಿಗೆ ಕೇಳೋದು ಆ ಸದ್ದೇ.

ಖರೀದಿ ಫಾರ್ಮ್ ಸದ್ಯ ಕೋಆರ್ಡಿನೇಟರ್ ಮೇಡಂ ಟೇಬಲ್ ಮೇಲಿದೆ. "20 ಇಂಚು ರೈಡ್, ಮೀಡಿಯಂ-ಥಿನ್, ಕಂಚು" ಅಂತ ಬರೆದಿದ್ದೀವಿ. ಗಿಟಾರಿಸ್ಟ್ ಇನ್ನೂ ಒಪ್ಪಿಲ್ಲ. ಕ್ರ್ಯಾಶ್ ಪರವಾಗಿ ಇನ್ನೇನಾದ್ರೂ ಪಾಯಿಂಟ್ ಇದ್ರೆ ಸಹಿ ಆಗೋದರೊಳಗೆ ಕ್ಲಬ್ ರೂಮಿಗೆ ಬಂದು ಹೇಳಿ, ಸಂಜೆ ಐದರ ಮೇಲೆ ಯಾರಾದ್ರೂ ಇರ್ತೀವಿ.